ಒಂದು ವರ್ಷದ ಫೌಂಡೇಶನ್, ಮೂರು ವರ್ಷದ ಲೆಕ್ಕ

ಎರಡು ತಿಂಗಳಿಂದ ನನ್ನ ಇನ್‌ಬಾಕ್ಸ್‌ಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾ ಇದೆ. "ಅಕ್ಕ, ಪಿಯುಸಿ ಮುಗೀತು. ಜರ್ಮನಿಯಲ್ಲಿ ಎಂಜಿನಿಯರಿಂಗ್ ಫ್ರೀ ಅಂತೆ. ಆದ್ರೆ ಮೊದಲು ಒಂದು ವರ್ಷ ಫೌಂಡೇಶನ್ ಮಾಡ್ಬೇಕಂತೆ. ಅದೇನು? ಮಾಡಬಹುದಾ?"

ನಾನು ಬಿ.ಕಾಂ. ಓದಿದವಳು. ಎಂಜಿನಿಯರಿಂಗ್ ಬಗ್ಗೆ ಮಾತಾಡೋ ಯೋಗ್ಯತೆ ನನಗಿಲ್ಲ. ಆದರೆ ಈ ಫೌಂಡೇಶನ್ ವರ್ಷದ ಬಗ್ಗೆ ಮಾತಾಡೋಕೆ ಒಂದು ಕಾರಣ ಇದೆ. ನಮ್ಮ ಮನೆಯಲ್ಲಿ ಒಬ್ಬ ಹುಡುಗನನ್ನ ಆ ದಾರಿಗೆ ಕಳಿಸುವಾಗ ಲೆಕ್ಕ ಹಾಕಿ ಕೊಟ್ಟವಳು ನಾನೇ. ಆ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿತ್ತು. ಇವತ್ತು ಆ ತಪ್ಪನ್ನ ನಿಮ್ಮ ಮುಂದೆ ಬಿಚ್ಚಿಡ್ತೀನಿ. ಹುಡುಗ ನನ್ನ ಚಿಕ್ಕಪ್ಪನ ಮಗ. ಹೆಸರು ಹೇಳಬೇಡ ಅಂದಿದ್ದಾನೆ, ಹಾಗಾಗಿ ತಮ್ಮ ಅಂತಲೇ ಕರೀತೀನಿ.

ಮೊದಲು ವಿಷಯ ಏನು ಅಂತ ತಿಳ್ಕೊಳ್ಳೋಣ.

ಜರ್ಮನಿಯ ಮಕ್ಕಳು ಹನ್ನೆರಡು ಅಥವಾ ಹದಿಮೂರು ವರ್ಷ ಶಾಲೆ ಓದಿ 'ಆಬಿಟೂರ್' ಅನ್ನೋ ಪರೀಕ್ಷೆ ಬರೀತಾರೆ. ಅದು ಪಾಸಾದರೆ ವಿಶ್ವವಿದ್ಯಾಲಯಕ್ಕೆ ಪ್ರವೇಶ. ನಮ್ಮ ಪಿಯುಸಿಯನ್ನಾಗಲಿ, ಸಿಬಿಎಸ್ಇ ಹನ್ನೆರಡನೇ ತರಗತಿಯನ್ನಾಗಲಿ ಅವರು ಆಬಿಟೂರ್‌ಗೆ ಸಮ ಅಂತ ನೇರವಾಗಿ ಒಪ್ಪೋದಿಲ್ಲ. ನಮ್ಮ ಮಕ್ಕಳು ದಡ್ಡರು ಅಂತ ಅಲ್ಲ. ಯಾವ ದೇಶದ ಯಾವ ಸರ್ಟಿಫಿಕೇಟ್ ತಮ್ಮಲ್ಲಿ ಯಾವುದಕ್ಕೆ ಸಮ ಅಂತ ಅವರು ಒಂದು ಪಟ್ಟಿ ಇಟ್ಟಿದ್ದಾರೆ. ಅದರ ಹೆಸರು ಅನಾಬಿನ್. ಆನ್‌ಲೈನ್‌ನಲ್ಲಿ ಯಾರು ಬೇಕಾದ್ರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟ್‌ಗೂ ಅವರ ಆಬಿಟೂರ್‌ಗೂ ನಡುವೆ ಇರೋ ಅಂತರ ತುಂಬಿಸೋಕೆ ಇರೋದೇ ಸ್ಟುಡಿಯನ್‌ಕೊಲೆಗ್. ಎರಡು ಸೆಮಿಸ್ಟರ್, ಅಂದರೆ ಒಂದು ವರ್ಷದ ಕೋರ್ಸು. ಎಂಜಿನಿಯರಿಂಗ್, ಗಣಿತ, ವಿಜ್ಞಾನದ ಕಡೆ ಹೋಗೋರಿಗೆ ಟಿ-ಕೋರ್ಸ್, ಮೆಡಿಕಲ್ ಮತ್ತು ಜೀವಶಾಸ್ತ್ರಕ್ಕೆ ಎಂ-ಕೋರ್ಸ್, ನನ್ನಂಥ ಕಾಮರ್ಸ್ ಮಂದಿಗೆ ಡಬ್ಲ್ಯೂ-ಕೋರ್ಸ್.

ಈ ಯೋಚನೆ ಹೊಸದೇನಲ್ಲ. ಜರ್ಮನಿ ಎರಡಾಗಿದ್ದ ಕಾಲದಲ್ಲಿ, ಪೂರ್ವ ಜರ್ಮನಿಯ ಲೈಪ್ಸಿಗ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನ ತಯಾರು ಮಾಡೋಕೆ 1956ರಲ್ಲೇ ಒಂದು ಸಂಸ್ಥೆ ಶುರುವಾಯ್ತು. 1961ರಲ್ಲಿ ಅದಕ್ಕೆ ಹೆರ್ಡರ್ ಇನ್‌ಸ್ಟಿಟ್ಯೂಟ್ ಅಂತ ಹೆಸರಿಟ್ಟರು. ಆಫ್ರಿಕಾ, ಏಷ್ಯಾದ ಹೊಸದಾಗಿ ಸ್ವತಂತ್ರವಾದ ದೇಶಗಳ ಮಕ್ಕಳು ಅಲ್ಲಿಗೆ ಬಂದು, ಮೊದಲು ಭಾಷೆ, ಆಮೇಲೆ ಗಣಿತ ಭೌತಶಾಸ್ತ್ರ ಕಲಿತು, ನಂತರ ಎಂಜಿನಿಯರಿಂಗ್‌ಗೆ ಹೋಗ್ತಿದ್ದರು. ಲೈಪ್ಸಿಗ್‌ನಲ್ಲಿ ಈಗಲೂ ಸ್ಟುಡಿಯನ್‌ಕೊಲೆಗ್ ಇದೆ. ಹಾಗೆಯೇ ಹ್ಯಾನೋವರ್, ಡಾರ್ಮ್‌ಸ್ಟಾಟ್, ಬರ್ಲಿನ್, ಹ್ಯಾಂಬರ್ಗ್, ನೋರ್ಡ್‌ಹೌಸನ್, ಕೋಥೆನ್, ಹೀಗೆ ಹಲವು ಊರುಗಳಲ್ಲಿ ಸರ್ಕಾರಿ ಸ್ಟುಡಿಯನ್‌ಕೊಲೆಗ್‌ಗಳಿವೆ.

ಈಗ ಮುಖ್ಯವಾದ ಮಾತು. ಎಲ್ಲರಿಗೂ ಈ ಫೌಂಡೇಶನ್ ಬೇಕಾಗಿಲ್ಲ. ತಪ್ಪಿಸೋಕೆ ಎರಡು ದಾರಿ ಇವೆ. ಒಂದು, ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ದರೆ ಎಂಜಿನಿಯರಿಂಗ್‌ಗೆ ನೇರ ಅರ್ಜಿ ಹಾಕಬಹುದು. ಗಮನಿಸಿ, ಅಡ್ವಾನ್ಸ್ಡ್. ನಮ್ಮ ಸಿಇಟಿ ರ‍್ಯಾಂಕು, ಕಾಮೆಡ್-ಕೆ ರ‍್ಯಾಂಕು ಅಲ್ಲಿ ಲೆಕ್ಕಕ್ಕೆ ಬರೋದಿಲ್ಲ. ಎರಡು, ಇಲ್ಲೇ ಮಾನ್ಯತೆ ಇರೋ ವಿಶ್ವವಿದ್ಯಾಲಯದಲ್ಲಿ ಬಿ.ಇ. ಸೇರಿ, ಮೊದಲ ವರ್ಷ ಪೂರ್ತಿ ಪಾಸು ಮಾಡಿದರೆ ಅದೇ ವಿಷಯಕ್ಕೆ ಅಲ್ಲಿ ಅರ್ಜಿ ಹಾಕೋ ಅರ್ಹತೆ ಸಿಗುತ್ತೆ. ಹನ್ನೆರಡನೇ ತರಗತಿಯ ವಿಷಯ, ಅಂಕದ ಷರತ್ತುಗಳನ್ನ ಅನಾಬಿನ್‌ನಲ್ಲಿ ನೋಡಿಕೊಳ್ಳಿ. ಈ ಎರಡನೇ ದಾರಿಯನ್ನ ನೆನಪಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರ್ತೀನಿ. ನಮಗೆ ಆಗ ಇದನ್ನ ಯಾರೂ ಹೇಳಲಿಲ್ಲ.

ನಮ್ಮ ಚಿಕ್ಕಪ್ಪನದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಜೊತೆಗೆ ಒಂದಿಷ್ಟು ಮೆಣಸು. ತಮ್ಮ 2022ರಲ್ಲಿ ಪಿಯುಸಿ ಮುಗಿಸಿದ, 74 ಪರ್ಸೆಂಟು. ಸಿಇಟಿಯಲ್ಲಿ ಸರ್ಕಾರಿ ಕಾಲೇಜಿನ ಮೆಕ್ಯಾನಿಕಲ್ ಸೀಟು ಸಿಗೋಷ್ಟು ರ‍್ಯಾಂಕೂ ಬಂತು. ಆದರೆ ಹಾಸನದಲ್ಲಿ ಒಂದು ಎಜುಕೇಶನ್ ಫೇರ್‌ಗೆ ಹೋಗಿ ಬಂದ ಮೇಲೆ ಅವನ ತಲೆಯಲ್ಲಿ ಜರ್ಮನಿ ಕೂತುಬಿಡ್ತು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಪೇಪರ್ ಕೊಟ್ಟಿದ್ದರು. "ಒಂದು ವರ್ಷ ಫೌಂಡೇಶನ್, ಆಮೇಲೆ ಫ್ರೀ ಎಂಜಿನಿಯರಿಂಗ್." ಚಿಕ್ಕಪ್ಪ ನನಗೆ ಫೋನ್ ಮಾಡಿದರು. "ನೀನು ಲೆಕ್ಕ ಓದಿದೋಳು ಮಗ. ಇದು ಹೌದಾ ಅಲ್ವಾ ನೋಡಿ ಹೇಳು. ನೀ ಹೇಳಿದಂಗೆ ಮಾಡ್ತೀನಿ."

ನಾನು ಒಂದು ಭಾನುವಾರ ಪೂರ್ತಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ಆ ಶೀಟಿನ ಸಾಲುಗಳನ್ನ ಇವತ್ತಿನ ದರದಲ್ಲಿ ಹೇಳ್ತೀನಿ. ಯೂರೋ ದರ ದಿನಾ ಬದಲಾಗುತ್ತೆ, ಬಾಯಿ ಲೆಕ್ಕಕ್ಕೆ ಒಂದು ಯೂರೋಗೆ ನೂರು ರೂಪಾಯಿ ಅಂತ ಇಟ್ಕೊಳ್ಳಿ.

ಮೊದಲನೇ ಸಾಲು, ಬೋಧನಾ ಶುಲ್ಕ. ಸರ್ಕಾರಿ ಸ್ಟುಡಿಯನ್‌ಕೊಲೆಗ್‌ನಲ್ಲಿ ಸಾಮಾನ್ಯವಾಗಿ ಇದು ಸೊನ್ನೆ. ಸೆಮಿಸ್ಟರ್‌ಗೆ ಒಂದು ವಂತಿಗೆ ಇರುತ್ತೆ, ನೂರು ಇನ್ನೂರು ಮುನ್ನೂರು ಯೂರೋ, ಊರಿನ ಮೇಲೆ ಹೋಗುತ್ತೆ. ಎಷ್ಟೋ ಕಡೆ ಬಸ್ಸು ರೈಲಿನ ಪಾಸೂ ಅದರಲ್ಲೇ ಸೇರಿರುತ್ತೆ. ಮುಂದೆ ಡಿಗ್ರಿಗೂ ಹೆಚ್ಚಿನ ರಾಜ್ಯಗಳಲ್ಲಿ ಶುಲ್ಕ ಇಲ್ಲ. ಆದರೆ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ಹಾಕಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಹಾಗಾಗಿ "ಜರ್ಮನಿ ಪೂರ್ತಿ ಫ್ರೀ" ಅನ್ನೋ ರೀಲ್ಸ್ ನಂಬಬೇಡಿ.

ಎರಡನೇ ಸಾಲು, ಬ್ಲಾಕ್ಡ್ ಅಕೌಂಟ್. ವೀಸಾ ಬೇಕಂದ್ರೆ ಒಂದು ವರ್ಷದ ಖರ್ಚಿನ ದುಡ್ಡು ಮುಂಗಡವಾಗಿ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ಅಂದರೆ ಹತ್ತಿರ ಹತ್ತಿರ 12 ಲಕ್ಷ. ಇದು ಫೀಸ್ ಅಲ್ಲ, ನಿಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ನಿಮಗೇ ವಾಪಸ್ ಬಿಡುಗಡೆ ಆಗುತ್ತೆ. ಆದರೆ ಬಾಡಿಗೆ, ಊಟ, ಇನ್ಶೂರೆನ್ಸ್‌ಗೆ ಅದು ಖರ್ಚಾಗಿ ಹೋಗುತ್ತೆ. ವಾಪಸ್ ಬರುತ್ತೆ ಅಂತ ಹೇಳಿ ಇದನ್ನ ಖರ್ಚಿನ ಕಾಲಂನಿಂದ ತೆಗೆದು ತೋರಿಸೋ ಏಜೆಂಟರು ಇದ್ದಾರೆ, ಹುಷಾರು.

ಮೂರನೇ ಸಾಲು, ಕಾಗದ ಪತ್ರ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಿಮ್ಮ ಮಾರ್ಕ್ಸ್‌ಕಾರ್ಡ್ ಅಸಲಿ ಹೌದೋ ಅಲ್ವೋ ಅಂತ ಪರಿಶೀಲಿಸಿ ಕೊಡೋ ಪತ್ರ ಅದು. ಶುಲ್ಕ 18,000 ರೂಪಾಯಿ. ಬಹಳಷ್ಟು ಅರ್ಜಿಗಳು ಯೂನಿ-ಅಸಿಸ್ಟ್ ಅನ್ನೋ ಪೋರ್ಟಲ್ ಮೂಲಕ ಹೋಗಬೇಕು. ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ನಲ್ಲಿ ಮುಂದಿನ ಒಂದೊಂದಕ್ಕೂ 30. ಅದರ ಮೇಲೆ ವೀಸಾ ಶುಲ್ಕ, ಟಿಕೆಟ್ಟು.

ಎಲ್ಲ ಕೂಡಿಸಿ, ಇಲ್ಲಿನ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ನಾಲ್ಕು ವರ್ಷದ ಖರ್ಚಿನ ಪಕ್ಕ ಇಟ್ಟು ನೋಡಿದೆ. ಜರ್ಮನಿ ಲೆಕ್ಕ ಚೆನ್ನಾಗೇ ಕಾಣ್ತು. ಚಿಕ್ಕಪ್ಪನಿಗೆ ಹೇಳಿದೆ, "ನಂಬರ್ ಸರಿಯಾಗಿದೆ ಚಿಕ್ಕಪ್ಪ, ಕಳಿಸಬಹುದು." ನಾವು ಹೋದ ಬ್ಯಾಂಕಿನಲ್ಲಿ ಎಜುಕೇಶನ್ ಲೋನ್ ಕೊಡಲಿಲ್ಲ. ಅವರು ಕೇಳಿದ್ದು ವಿಶ್ವವಿದ್ಯಾಲಯದ ಅಡ್ಮಿಷನ್ ಲೆಟರ್. ನಮ್ಮ ಹತ್ತಿರ ಇದ್ದದ್ದು ಪ್ರವೇಶ ಪರೀಕ್ಷೆಗೆ ಬನ್ನಿ ಅನ್ನೋ ಪತ್ರ. ಚಿಕ್ಕಪ್ಪ ತೋಟದ ಮೇಲೆ ಸಾಲ ತೆಗೆದರು.

ನೀವು ಈಗ ಗಮನಿಸಿರಬಹುದು. "ಪ್ರವೇಶ ಪರೀಕ್ಷೆಗೆ ಬನ್ನಿ" ಅಂತ ಹೇಳಿದೆನಲ್ಲ, ನನ್ನ ಶೀಟ್‌ನಲ್ಲಿ ಆ ಪರೀಕ್ಷೆಗೆ ಒಂದು ಸಾಲೇ ಇರಲಿಲ್ಲ.

ಸ್ಟುಡಿಯನ್‌ಕೊಲೆಗ್‌ಗೆ ಸೇರೋಕೇ ಒಂದು ಪರೀಕ್ಷೆ ಇದೆ. ಟಿ-ಕೋರ್ಸ್‌ಗೆ ಸಾಮಾನ್ಯವಾಗಿ ಜರ್ಮನ್ ಭಾಷೆ ಮತ್ತು ಗಣಿತ. ಇರೋ ಸೀಟಿಗಿಂತ ಬರೆಯೋರು ಜಾಸ್ತಿ ಇರ್ತಾರೆ. ಗಣಿತ ನಮ್ಮವರಿಗೆ ಕಷ್ಟ ಅಲ್ಲ, ಹತ್ತು ಹನ್ನೊಂದನೇ ತರಗತಿಯ ಬೀಜಗಣಿತ, ಸಮೀಕರಣ, ಘಾತಾಂಕ, ಅಂಥದ್ದು. ಎಷ್ಟೋ ಕಡೆ ಕ್ಯಾಲ್ಕುಲೇಟರ್ ಬಿಡೋದಿಲ್ಲ. ಸೋಲಿಸೋದು ಭಾಷೆ. ಸಿ-ಟೆಸ್ಟ್ ಅಂತ ಒಂದು ಬಗೆಯ ಪರೀಕ್ಷೆ ಇದೆ. ಒಂದು ಪ್ಯಾರಾ ಕೊಡ್ತಾರೆ. ಅದರಲ್ಲಿ ಒಂದು ಬಿಟ್ಟು ಒಂದು ಪದದ ಅರ್ಧ ಭಾಗ ಅಳಿಸಿರ್ತಾರೆ. ನೀವು ತುಂಬಬೇಕು. ಕನ್ನಡದಲ್ಲೇ ಯೋಚಿಸಿ ನೋಡಿ. "ಬೆಳಿಗ್ಗೆ ಅಮ್—— ತೋಟದಿಂದ ಹೂ—— ತಂದಳು." ನಮಗೆ ಇದು ಆಟ, ಯಾಕಂದ್ರೆ ಭಾಷೆ ರಕ್ತದಲ್ಲಿದೆ. ಹೊರಗಿನವರಿಗೆ ಪದ ಗೊತ್ತಿದ್ರೆ ಸಾಲದು, ಅದರ ಕೊನೆ ಪ್ರತ್ಯಯವೂ ಸರಿಯಾಗಿರಬೇಕು. ಜರ್ಮನ್‌ನಲ್ಲಿ ನಾಮಪದಕ್ಕೆ ಮೂರು ಲಿಂಗ, ನಾಲ್ಕು ವಿಭಕ್ತಿ. ಅಂದಾಜಿನ ಮೇಲೆ ಹೊಡೆಯೋಕಾಗಲ್ಲ.

ಕನ್ಸಲ್ಟೆನ್ಸಿಯವರು "ಬಿ1 ಸಾಕು" ಅಂದಿದ್ದರು. ಜರ್ಮನ್ ಕಲಿಕೆಯ ಮಟ್ಟಗಳು ಎ1, ಎ2, ಬಿ1, ಬಿ2, ಸಿ1, ಸಿ2. ಕೆಲವು ಕಡೆ ಪರೀಕ್ಷೆಗೆ ಕೂರೋಕೆ ಬಿ1 ಸಾಕು ಅನ್ನೋದು ನಿಜ. ಕೂರೋದು ಬೇರೆ, ಪಾಸಾಗೋದು ಬೇರೆ. ಎಷ್ಟೋ ಸರ್ಕಾರಿ ಸ್ಟುಡಿಯನ್‌ಕೊಲೆಗ್‌ಗಳು ಬಿ2 ಕೇಳ್ತವೆ. ಸೊನ್ನೆಯಿಂದ ಬಿ2 ಮುಟ್ಟೋಕೆ ಗೋಥೆ ಸಂಸ್ಥೆಯವರ ಅಂದಾಜು 45 ನಿಮಿಷದ 600ರಿಂದ 800 ಪಾಠ. ಮನೆಯಲ್ಲಿ ಓದೋದು ಬೇರೆ. ನಮ್ಮ ತಮ್ಮ ಐದೇ ತಿಂಗಳಲ್ಲಿ ಅವರದೇ ಆನ್‌ಲೈನ್ ಬ್ಯಾಚಲ್ಲಿ ಬಿ1 ಮುಗಿಸಿದ್ದ. ಪಾಸ್ ಮಾರ್ಕ್ಸು ಬಂದಿತ್ತು. ಪಾಠ ತಲೆಗೆ ಹತ್ತಿತ್ತಾ ಅಂತ ನಾವ್ಯಾರೂ ಕೇಳಲಿಲ್ಲ. ಮಧ್ಯದಲ್ಲಿ ಎಪಿಎಸ್ ಹೊಸದಾಗಿ ಬಂದು, ಅದಕ್ಕೆ ಕಾಯೋದರಲ್ಲಿ ತಿಂಗಳುಗಟ್ಟಲೆ ಹೋಯ್ತು. ಆ ತಿಂಗಳುಗಳಲ್ಲಿ ಬಿ2 ಓದಬಹುದಿತ್ತು. "ಅಲ್ಲಿಗೆ ಹೋದ್ಮೇಲೆ ತಾನಾಗೇ ಬರುತ್ತೆ" ಅಂದರು. ನಾವೂ ಹಾಗೇ ಅಂದ್ಕೊಂಡ್ವಿ.

2023ರ ಆಗಸ್ಟ್‌ನಲ್ಲಿ ಹೋದ. ಎರಡು ಕಡೆ ಪರೀಕ್ಷೆ ಬರೆದ. ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. "ಅಕ್ಕ, ಗಣಿತ ಪೂರ್ತಿ ಮಾಡ್ದೆ. ಜರ್ಮನ್‌ನಲ್ಲಿ ಹೋಯ್ತು. ಎರಡೂ ಕಡೆ ಹೋಯ್ತು. ಅಪ್ಪಂಗೆ ನೀನೇ ಹೇಳ್ತೀಯಾ?"

ಹೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡ್ದನಂತಾ?" ಅಂತಷ್ಟೇ ಕೇಳಿದರು. ನನ್ನನ್ನ ಒಂದು ಮಾತು ಬೈದಿದ್ರೂ ಸಮಾಧಾನ ಆಗಿರೋದು.

ಕನ್ಸಲ್ಟೆನ್ಸಿಯವರು ಆಗ ಇನ್ನೊಂದು ದಾರಿ ತೋರಿಸಿದರು. ಖಾಸಗಿ ಸ್ಟುಡಿಯನ್‌ಕೊಲೆಗ್. ಪ್ರವೇಶ ಪರೀಕ್ಷೆ ಸುಲಭ, ಸೀಟು ಖಾತ್ರಿ, ಶುಲ್ಕ ಮಾತ್ರ ಹಲವು ಸಾವಿರ ಯೂರೋ, ಎರಡು ದಿನದಲ್ಲಿ ಕಟ್ಟಬೇಕು. ಭಯದಲ್ಲಿ ಇರೋರಿಗೆ "ಎರಡು ದಿನದಲ್ಲಿ" ಅಂದ್ರೆ ಏನಾಗುತ್ತೆ ಗೊತ್ತಲ್ಲ. ಅವತ್ತು ನಾನು ಮಾಡಿದ ಒಂದೇ ಒಳ್ಳೆ ಕೆಲಸ, ಕಟ್ಟೋದಕ್ಕೆ ಮೊದಲು ಓದಿ ನೋಡಿದ್ದು. ಖಾಸಗಿಯವರೆಲ್ಲ ಮೋಸ ಅಂತ ಹೇಳಲ್ಲ. ಅವರಲ್ಲಿ ಎರಡು ಬಗೆ. ರಾಜ್ಯ ಸರ್ಕಾರದ ಮಾನ್ಯತೆ ಇದ್ದು, ಕೊನೆಯ ಪರೀಕ್ಷೆಯನ್ನ ತಾವೇ ನಡೆಸೋ ಅಧಿಕಾರ ಇರೋರು. ಇನ್ನೊಂದು, ಬರೀ ತಯಾರಿ ಮಾಡಿಸೋರು, ಟ್ಯೂಷನ್ ಸೆಂಟರ್ ಇದ್ದಂತೆ. ಇಲ್ಲಿ ಓದಿದವರು ಕೊನೆಗೆ ಬೇರೆ ಕಡೆ ಹೋಗಿ ಹೊರಗಿನ ಅಭ್ಯರ್ಥಿಯಾಗಿ ಪರೀಕ್ಷೆ ಬರೀಬೇಕು. ನಮಗೆ ತೋರಿಸಿದ್ದು ಎರಡನೇ ಬಗೆ. ಅದು ಬ್ರೋಶರ್‌ನಲ್ಲಿ ಎಲ್ಲೂ ದಪ್ಪ ಅಕ್ಷರದಲ್ಲಿ ಇರಲಿಲ್ಲ. ನಾವು ಕಟ್ಟಲಿಲ್ಲ.

ತಮ್ಮನ ವೀಸಾ ಇದ್ದದ್ದು ಪ್ರವೇಶ ಹುಡುಕೋರಿಗೆ ಕೊಡೋ ವೀಸಾ, ಅದಕ್ಕೆ ಮಿತಿ ಇದೆ. ನವೆಂಬರ್‌ನಲ್ಲಿ ವಾಪಸ್ ಬಂದ. ಊರಿಗೆ ಹೋಗಲಿಲ್ಲ. ಹೊರಡುವಾಗ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಊರವರಿಗೆ ಊಟ ಹಾಕಿಸಿ ಕಳಿಸಿದ್ದರು. ಮೂರು ತಿಂಗಳಲ್ಲಿ ವಾಪಸ್ ಬಂದೆ ಅಂತ ಯಾವ ಮುಖ ಇಟ್ಕೊಂಡು ಹೇಳೋದು? ವಿಜಯನಗರದ ನನ್ನ ಮನೆಯಲ್ಲೇ ಉಳಿದ. ಊರಲ್ಲಿ ಯಾರಾದ್ರೂ ಕೇಳಿದ್ರೆ ಚಿಕ್ಕಮ್ಮ "ಅಲ್ಲೇ ಓದ್ತಾವ್ನೆ" ಅಂತಿದ್ದರು. ಅವನು ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿರ್ತಿದ್ದ, ಆಚೆ ಕಡೆ ಅಮ್ಮ ಫೋನಲ್ಲಿ ಸುಳ್ಳು ಹೇಳ್ತಿರೋದು ಕೇಳಿಸ್ತಿತ್ತು.

ಡಿಸೆಂಬರ್‌ನಿಂದ ದಿನಾ ಬೆಳಿಗ್ಗೆ ವಿಜಯನಗರದಿಂದ ನೇರಳೆ ಲೈನ್ ಮೆಟ್ರೋ ಹತ್ತಿ ಇಂದಿರಾನಗರಕ್ಕೆ ಹೋಗಿ ಜರ್ಮನ್ ಕ್ಲಾಸು. ಸಂಜೆ ಬಂದು ಮತ್ತೆ ಓದು. ಫ್ರಿಜ್ ಮೇಲೆ, ಬಾತ್‌ರೂಮ್ ಬಾಗಿಲ ಮೇಲೆ ಚೀಟಿ ಅಂಟಿಸಿದ್ದ. ಕ್ರಾಫ್ಟ್ ಅಂದ್ರೆ ಬಲ. ಬೆಶ್ಲಾಯ್ನಿಗುಂಗ್ ಅಂದ್ರೆ ವೇಗೋತ್ಕರ್ಷ. ಆಬ್ಲೈಟುಂಗ್ ಅಂದ್ರೆ ಅವಕಲನ. ಭೌತಶಾಸ್ತ್ರದ ಒಂದೊಂದು ಪದವನ್ನೂ ಮೂರನೇ ಸಲ ಕಲೀತಿದ್ದ, ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ, ಪಿಯುಸಿಯಲ್ಲಿ ಇಂಗ್ಲಿಷಲ್ಲಿ, ಈಗ ಜರ್ಮನ್‌ನಲ್ಲಿ. ನೀವು ಕನ್ನಡ ಮೀಡಿಯಂನಿಂದ ಬಂದೋರಾದ್ರೆ ಒಂದು ಮಾತು. ಪಿಯುಸಿ ಮೊದಲ ವರ್ಷ ನೀವು ಈ ಕಷ್ಟವನ್ನ ಒಮ್ಮೆ ದಾಟಿದ್ದೀರಿ. ಅವನೇ ಹೇಳಿದ ಮಾತಿದು, "ಫಸ್ಟ್ ಪಿಯುಸಿ ನೆನಪಾಯ್ತು ಅಕ್ಕ. ಅವತ್ತು ದಾಟಿದ್ದೆ, ಇದನ್ನೂ ದಾಟ್ತೀನಿ ಅಂದ್ಕೊಂಡೆ."

2024ರ ಬೇಸಿಗೆಗೆ ಬಿ2 ಮುಗೀತು. ಮತ್ತೆ ಅರ್ಜಿ, ಮತ್ತೆ ವೀಸಾ, ಮತ್ತೆ ಬ್ಲಾಕ್ಡ್ ಅಕೌಂಟ್. ಆ ವರ್ಷ ರೋಬಸ್ಟಾ ಕಾಫಿ ಬೆಲೆ ಏರಿತ್ತು, ನಿಮಗೆ ನೆನಪಿರಬಹುದು. ಅದೊಂದು ಇಲ್ಲದೇ ಇದ್ದಿದ್ರೆ ಎರಡನೇ ಪ್ರಯತ್ನ ನಮ್ಮ ಚಿಕ್ಕಪ್ಪನಿಂದ ಆಗ್ತಿರಲಿಲ್ಲ. ನನ್ನ ಎಕ್ಸೆಲ್ ಶೀಟ್ ಸರಿ ಇದ್ದದ್ದಕ್ಕೆ ಅಲ್ಲ, ಕಾಫಿ ಬೆಲೆ ಸರಿ ಇದ್ದದ್ದಕ್ಕೆ ಅವನಿಗೆ ಇನ್ನೊಂದು ಅವಕಾಶ ಸಿಕ್ತು. ಈ ಸಲ ಪ್ರವೇಶ ಪರೀಕ್ಷೆ ಪಾಸಾದ. ಸೆಪ್ಟೆಂಬರ್‌ನಲ್ಲಿ ಟಿ-ಕೋರ್ಸ್ ಶುರು.

ಒಳಗೆ ಏನು ಓದಿಸ್ತಾರೆ ಅಂತ ಕೇಳ್ತೀರಿ. ವಾರಕ್ಕೆ ಸುಮಾರು ಮೂವತ್ತು ಗಂಟೆ ತರಗತಿ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕೆಲವು ಕಡೆ ಕಂಪ್ಯೂಟರ್ ಅಥವಾ ಟೆಕ್ನಿಕಲ್ ಡ್ರಾಯಿಂಗ್, ಎಲ್ಲದರ ಜೊತೆ ಜರ್ಮನ್. ಪಾಠ ಪಿಯುಸಿಗಿಂತ ಬಹಳ ಮೇಲಿನದಲ್ಲ. ಡಿಫರೆನ್ಷಿಯೇಷನ್, ಇಂಟಿಗ್ರೇಷನ್, ವೆಕ್ಟರ್, ಮೆಕ್ಯಾನಿಕ್ಸ್, ವಿದ್ಯುತ್ತು, ನಮ್ಮ ಹುಡುಗರಿಗೆ ಪರಿಚಯ ಇರೋದೇ. ಮೊದಲ ತಿಂಗಳು ತಮ್ಮ "ಇಷ್ಟೇನಾ" ಅಂದ. ಮೊದಲ ಟೆಸ್ಟ್ ಬಂದಾಗ ಬಾಯಿ ಮುಚ್ಚಿದ.

ಯಾಕೆ? ಸಿಇಟಿ ತಯಾರಿಯಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನ ಒಂದು ನಿಮಿಷದಲ್ಲಿ ಆರಿಸೋ ಅಭ್ಯಾಸ. ಅಲ್ಲಿ ಉತ್ತರಕ್ಕಿಂತ ದಾರಿಗೆ ಅಂಕ. ಸೂತ್ರ ಎಲ್ಲಿಂದ ಬಂತು, ಯಾವ ಊಹೆಯ ಮೇಲೆ ನಿಂತಿದೆ, ಅಂತ ಒಂದೊಂದು ಹೆಜ್ಜೆ ಬರೀಬೇಕು. ಉತ್ತರ ಸರಿ ಬಂದಿದ್ದ ಲೆಕ್ಕಕ್ಕೆ ಅರ್ಧ ಅಂಕ ಕಳಕೊಂಡ. ಪ್ರಯೋಗ ಮಾಡಿದ್ರೆ ಅದರ ವರದಿಯನ್ನ ಪೂರ್ತಿ ವಾಕ್ಯಗಳಲ್ಲಿ, ಜರ್ಮನ್‌ನಲ್ಲಿ ಬರೀಬೇಕು. ಚಿಕ್ಕ ಚಿಕ್ಕ ವಿಷಯಗಳೂ ಕಾಲು ಎಳೀತವೆ. ಅವರು ದಶಾಂಶಕ್ಕೆ ಚುಕ್ಕೆ ಬದಲು ಕಾಮಾ ಹಾಕ್ತಾರೆ. ಮೂರೂವರೆಯನ್ನ ಮೂರು ಕಾಮಾ ಐದು ಅಂತ ಬರೀತಾರೆ. ಸಾವಿರಕ್ಕೆ ನಾವು ಕಾಮಾ ಹಾಕೋ ಜಾಗದಲ್ಲಿ ಅವರು ಚುಕ್ಕೆ ಇಡ್ತಾರೆ. ಗುಣಾಕಾರಕ್ಕೆ ಒಂದು ಚುಕ್ಕೆ, ಭಾಗಾಕಾರಕ್ಕೆ ಎರಡು ಚುಕ್ಕೆ. ಲೆಕ್ಕ ಓದಿದವಳಾಗಿ ನನಗೆ ಇದನ್ನ ಕೇಳಿಯೇ ತಲೆ ತಿರುಗಿತು.

ತರಗತಿಯಲ್ಲಿ ಇದ್ದೋರು ವಿಯೆಟ್ನಾಂ, ಮೊರಾಕೊ, ಇಂಡೋನೇಷ್ಯಾ, ಇರಾನ್, ಕ್ಯಾಮರೂನ್ ಕಡೆಯವರು. ಎಲ್ಲರಿಗೂ ಪರಸ್ಪರ ಮಾತಾಡೋಕೆ ಇದ್ದ ಭಾಷೆ ಜರ್ಮನ್ ಒಂದೇ. ಅವನ ಭಾಷೆ ಸುಧಾರಿಸಿದ್ದು ಪುಸ್ತಕದಿಂದ ಅಲ್ಲ, ಹಾಸ್ಟೆಲ್ ಅಡುಗೆಮನೆಯಲ್ಲಿ ಒಬ್ಬ ಮೊರಾಕೊ ಹುಡುಗನ ಜೊತೆ ಅನ್ನ ಹೇಗೆ ಬಸಿಯೋದು ಅಂತ ದಿನಾ ಜಗಳ ಆಡಿ.

ವರ್ಷದ ಕೊನೆಗೆ ಎಫ್‌ಎಸ್‌ಪಿ ಅನ್ನೋ ಪರೀಕ್ಷೆ. ಪೂರ್ತಿ ಹೆಸರು ಫೆಸ್ಟ್‌ಷ್ಟೆಲುಂಗ್ಸ್‌ಪ್ರೂಫುಂಗ್, ನಾನು ಮೂರು ಸಲ ಅಭ್ಯಾಸ ಮಾಡಿ ಹೇಳ್ತಿದ್ದೀನಿ. ಇದು ಲಿಖಿತ, ಅಗತ್ಯ ಬಿದ್ದರೆ ಮೌಖಿಕವೂ ಇರುತ್ತೆ. ಫೇಲಾದರೆ ಇನ್ನೊಂದೇ ಸಲ ಬರೆಯೋಕೆ ಅವಕಾಶ. ಸಪ್ಲಿಮೆಂಟರಿ ಮೇಲೆ ಸಪ್ಲಿಮೆಂಟರಿ ಇಲ್ಲ. ವಿಶ್ವವಿದ್ಯಾಲಯದ ಸ್ಟುಡಿಯನ್‌ಕೊಲೆಗ್‌ನಲ್ಲಿ ಪಾಸಾದರೆ ದೇಶದ ಯಾವ ವಿಶ್ವವಿದ್ಯಾಲಯಕ್ಕೆ ಬೇಕಾದ್ರೂ ನಿಮ್ಮ ವಿಷಯದಲ್ಲಿ ಅರ್ಜಿ ಹಾಕಬಹುದು. ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯ ಅಂತ ಇನ್ನೊಂದು ಬಗೆ ಇದೆ, ಫಾಖ್‌ಹೋಖ್‌ಷೂಲೆ ಅಂತಾರೆ. ಅದರ ಸ್ಟುಡಿಯನ್‌ಕೊಲೆಗ್‌ನಲ್ಲಿ ಪಾಸಾದರೆ ಆ ಬಗೆಯ ಕಾಲೇಜುಗಳಿಗೆ ಮಾತ್ರ. ಸೇರೋ ಮೊದಲೇ ಇದನ್ನ ಕೇಳಿಕೊಳ್ಳಿ.

ಅಂಕದ ಲೆಕ್ಕವೂ ತಿಳ್ಕೊಳ್ಳಿ, ಇದು ನನ್ನ ಏರಿಯಾ. ಅಲ್ಲಿ 1 ಅಂದ್ರೆ ಅತ್ಯುತ್ತಮ, 4 ಅಂದ್ರೆ ಬರೀ ಪಾಸು. ನಿಮ್ಮ ಪಿಯುಸಿ ಅಂಕವನ್ನ ಬವೇರಿಯನ್ ಸೂತ್ರ ಅನ್ನೋದರಿಂದ ಬದಲಾಯಿಸ್ತಾರೆ. ನೂರರಲ್ಲಿ ನಿಮ್ಮ ಅಂಕ ಕಳೆಯಿರಿ. ನೂರರಲ್ಲಿ ಪಾಸ್ ಅಂಕ ಕಳೆಯಿರಿ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ತಮ್ಮನದು 74, ಪಾಸ್ ಅಂಕ 35. 26 ಭಾಗಿಸು 65, ಅಂದರೆ 0.4. ಗುಣಿಸು 3, 1.2. ಕೂಡಿಸು 1, 2.2. ಕೊನೆಯ ಗ್ರೇಡು ಸಾಮಾನ್ಯವಾಗಿ ಇದರ ಮತ್ತು ಎಫ್‌ಎಸ್‌ಪಿ ಗ್ರೇಡಿನ ಸರಾಸರಿ. 2025ರ ಜೂನ್‌ನಲ್ಲಿ ಅವನಿಗೆ ಎಫ್‌ಎಸ್‌ಪಿಯಲ್ಲಿ 2.8 ಬಂತು. ಸರಾಸರಿ 2.5. ಮಹಾ ಅಂಕ ಏನಲ್ಲ. ಆದರೆ ಅಲ್ಲಿ ಮೆಕ್ಯಾನಿಕಲ್‌ನಂಥ ಕೋರ್ಸುಗಳಿಗೆ ಎಷ್ಟೋ ಕಡೆ ಕಟ್‌ಆಫ್ ಇಲ್ಲ. ಅರ್ಹತೆ ಇದ್ದರೆ ಸೀಟು. ಒಳಗೆ ಹೋಗೋದು ಸುಲಭ, ಒಳಗೆ ಉಳಿಯೋದು ಕಷ್ಟ.

2025ರ ಅಕ್ಟೋಬರ್‌ನಲ್ಲಿ ಮೆಕ್ಯಾನಿಕಲ್ ಮೊದಲ ಸೆಮಿಸ್ಟರ್ ಸೇರಿದ. ಫೋನ್ ಮಾಡಿ ಹೇಳಿದಾಗ ನಾನು ಅತ್ತೆ. ಅವನು ಅಳಲಿಲ್ಲ. "ಅಕ್ಕ, ನನ್ ಜೊತೆ ಪಿಯುಸಿ ಓದಿದೋರೆಲ್ಲ ಈಗ ಫೈನಲ್ ಇಯರ್" ಅಂದ.

ಅದೇ ನನ್ನ ತಪ್ಪು. ಒಂದು ವರ್ಷ ಅಂತ ಬರೆದಿದ್ದೆ, ಪಿಯುಸಿಯಿಂದ ಡಿಗ್ರಿ ಮೊದಲ ದಿನದವರೆಗೆ ಮೂರು ವರ್ಷಕ್ಕೂ ಮೇಲೆ ಆಯ್ತು. ದುಡ್ಡಿಗೆ ಹತ್ತು ಸಾಲು ಹಾಕಿದ್ದೆ, ಸಮಯಕ್ಕೆ ಒಂದೇ ಸಾಲು, ಸೋಲಿಗೆ ಒಂದೂ ಇಲ್ಲ. ಕಾಮರ್ಸ್‌ನಲ್ಲಿ ಮೊದಲು ಕಲಿಸೋದೇ ಅದು, ಬರಬಹುದಾದ ನಷ್ಟಕ್ಕೆ ಮೊದಲೇ ಜಾಗ ಇಡು ಅಂತ. ಮನೆಯವರ ಲೆಕ್ಕ ಬರೆಯುವಾಗ ಮರೆತೆ.

ಇನ್ನೊಂದು ದಾರಿ ಅಂತ ಆಗ ಹೇಳಿದ್ದೆನಲ್ಲ. ಅವನಿಗೆ ಸರ್ಕಾರಿ ಕಾಲೇಜಲ್ಲಿ ಸೀಟು ಸಿಗ್ತಿತ್ತು. 2022ರಲ್ಲಿ ಅಲ್ಲಿ ಸೇರಿ, ಜೊತೆಗೆ ನಿಧಾನವಾಗಿ ಜರ್ಮನ್ ಕಲಿತು, ಮೊದಲ ವರ್ಷ ಪಾಸು ಮಾಡಿ, ಇನ್ನೊಂದು ವರ್ಷದಲ್ಲಿ ಭಾಷೆ ಮುಗಿಸಿದ್ರೆ, ಫೌಂಡೇಶನ್ ಇಲ್ಲದೇ 2024ಕ್ಕೇ ನೇರ ಅರ್ಜಿ ಹಾಕಬಹುದಿತ್ತು. ಜರ್ಮನಿ ಬೇಡ ಅನ್ನಿಸಿದ್ರೆ ಇಲ್ಲೇ ಡಿಗ್ರಿ ಕೈಯಲ್ಲಿರ್ತಿತ್ತು. ನೇರ ಹೋಗೋರಿಗೂ ಜರ್ಮನ್ ಮಾಧ್ಯಮದ ಕೋರ್ಸಿಗೆ ಸಿ1 ಮಟ್ಟದ ಭಾಷೆ ಬೇಕು, ಅದು ಸಣ್ಣದಲ್ಲ. ಆದ್ರೂ ವಾಪಸ್ ಬರೋಕೆ ಒಂದು ಬಾಗಿಲು ತೆರೆದಿರ್ತಿತ್ತು.

ಹಾಗಾದ್ರೆ ಸ್ಟುಡಿಯನ್‌ಕೊಲೆಗ್ ಬೇಡವಾ? ಹಾಗೆ ಹೇಳಲ್ಲ. ತಮ್ಮನೇ ಹೇಳ್ತಾನೆ, ಈಗ ಮೊದಲ ಸೆಮಿಸ್ಟರ್‌ನಲ್ಲಿ ಲೆಕ್ಚರ್ ಅರ್ಥ ಆಗ್ತಿರೋದು ಆ ವರ್ಷದಿಂದ ಅಂತ. ಬರೆಯೋದು, ಕಾರಣ ಕೊಡೋದು, ಗೊತ್ತಿಲ್ಲ ಅಂತ ಕೈ ಎತ್ತಿ ಕೇಳೋದು, ಎಲ್ಲ ಅಲ್ಲೇ ಕಲಿತದ್ದು. ಕೋರ್ಸು ಒಳ್ಳೆಯದು. ಅದನ್ನ ಮಾರೋ ರೀತಿ ಕೆಟ್ಟದ್ದು.

ಹೋಗಬೇಕು ಅಂತಿದ್ರೆ ಇಷ್ಟು ಮಾಡಿ. ಅನಾಬಿನ್‌ನಲ್ಲಿ ನಿಮ್ಮ ಸರ್ಟಿಫಿಕೇಟ್ ನೀವೇ ನೋಡಿ. ದುಡ್ಡು ಕಟ್ಟೋ ಮೊದಲು ಬಿ2 ಮುಗಿಸಿ, ಇಲ್ಲೇ, ಮನೆ ಊಟ ಮಾಡ್ಕೊಂಡು. ಸಿ-ಟೆಸ್ಟ್ ಮಾದರಿಗಳನ್ನ ಎಷ್ಟೋ ಸ್ಟುಡಿಯನ್‌ಕೊಲೆಗ್‌ಗಳು ತಮ್ಮ ವೆಬ್‌ಸೈಟ್‌ನಲ್ಲೇ ಹಾಕಿವೆ, ಬರೆದು ನೋಡಿ. ಪಾಸಾಗೋಷ್ಟು ಬರ್ತಿಲ್ಲ ಅಂದ್ರೆ ವಿಮಾನ ಹತ್ತಬೇಡಿ. ಖಾಸಗಿ ಕಾಲೇಜು ತೋರಿಸಿದ್ರೆ ಒಂದೇ ಪ್ರಶ್ನೆ ಕೇಳಿ: "ಎಫ್‌ಎಸ್‌ಪಿ ನೀವೇ ನಡೆಸ್ತೀರಾ? ಯಾವ ರಾಜ್ಯದ ಮಾನ್ಯತೆ? ಬರಹದಲ್ಲಿ ಕೊಡಿ." "ಗ್ಯಾರಂಟಿ ಸೀಟು" ಅನ್ನೋ ಪದ ಕೇಳಿದ ತಕ್ಷಣ ಎದ್ದು ಬನ್ನಿ, ಪರೀಕ್ಷೆ ಬರೆಯೋದು ನೀವು, ಅವರು ಹೇಗೆ ಗ್ಯಾರಂಟಿ ಕೊಡ್ತಾರೆ? ಕೊನೆಯದಾಗಿ, ಲೆಕ್ಕದ ಶೀಟಿನಲ್ಲಿ "ಮೊದಲ ಸಲ ಆಗದಿದ್ದರೆ" ಅನ್ನೋ ಸಾಲು ಹಾಕಿ. ಅದರ ಮುಂದೆ ದುಡ್ಡು, ತಿಂಗಳು, ಎರಡನ್ನೂ ಬರೀರಿ. ಆ ಸಾಲು ತುಂಬಿದ ಮೇಲೂ ಮನೆ ನಡೆಯುತ್ತೆ ಅನ್ನಿಸಿದ್ರೆ ಧೈರ್ಯವಾಗಿ ಹೋಗಿ.

ಮನೆಯವರಿಗೂ ಒಂದು ಮಾತು. ಹುಡುಗ ಅಥವಾ ಹುಡುಗಿ ವಾಪಸ್ ಬಂದ್ರೆ ಊರಿಗೆ ಹೇಳಿ. ಚಿಕ್ಕಮ್ಮ ಆ ಸುಳ್ಳು ಹೇಳಿದ್ದು ಪ್ರೀತಿಯಿಂದ. ಆದ್ರೆ ಪರೀಕ್ಷೆ ಫೇಲಾದ್ದಕ್ಕಿಂತ ಆ ಸುಳ್ಳು ಅವನನ್ನ ಹೆಚ್ಚು ಕುಗ್ಗಿಸಿತ್ತು, ಅದನ್ನ ಅವನು ನನಗೆ ಹೇಳಿದ್ದು ಮೊನ್ನೆ ಮೊನ್ನೆ.

ಈ ಸಂಚಿಕೆ ರೆಕಾರ್ಡ್ ಮಾಡೋ ಮೊದಲು ಚಿಕ್ಕಪ್ಪನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. "ಹೇಳು ಹೇಳು. ಇನ್ನೊಬ್ರ ತೋಟ ಉಳೀಲಿ" ಅಂದರು. ಆಮೇಲೆ ಕೇಳಿದರು, "ಮಗ, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅವಳಿಗೆ ಮುಂದೇನು ಅಂತ ಒಂದು ಲೆಕ್ಕ ಹಾಕಿ ಕೊಡ್ತೀಯಾ?"

ಹಾಕಿ ಕೊಡ್ತೀನಿ ಚಿಕ್ಕಪ್ಪ. ಈ ಸಲ ಅವಳನ್ನೂ ಪಕ್ಕದಲ್ಲಿ ಕೂರಿಸ್ಕೊಂಡು.

ಪ್ರಶ್ನೆ ಇದ್ರೆ ಕಳಿಸಿ, ಗೊತ್ತಿರೋದು ಹೇಳ್ತೀನಿ.